ಕುಮಟಾದ ಮೆತ್ತಿನ ಮೇಲೆ ಸಿಕ್ಕ ರಿವಾಲ್ವರ್: ಗುರುತು ಹಿಡಿದದ್ದು, ಬೆಲೆ ಕಟ್ಟಿದ್ದು

ಭಾವ ಫೋನ್ ಮಾಡಿದಾಗ ಶಿರಸಿಯಲ್ಲಿ ಮಳೆ ಆಗಷ್ಟೇ ಬಿಟ್ಟಿತ್ತು. ಕುಮಟಾದ ಅವರ ಮೂಲಮನೆಯಲ್ಲಿ ಹಿಸ್ಸೆಯ ಮಾತುಕತೆ ನಡೆದಿತ್ತು. ಮೆತ್ತಿನ, ಅಂದರೆ ಅಟ್ಟದ, ಮೇಲಿದ್ದ ತಗಡಿನ ಟ್ರಂಕು ತೆರೆದರೆ, ಹಳೇ ಪಂಚೆಯಲ್ಲಿ ಸುತ್ತಿಟ್ಟ ಒಂದು ರಿವಾಲ್ವರ್.

"1843 ಅಂತ ಕೊರೆದಿದೆ ಭಾವಾ. 15 ಲಕ್ಷ ಬಾಳ್ತದಂತೆ. ಒಂದ್ಸಲ ಬಂದು ನೋಡು."

ನಾನು ಬೆಲೆಯ ಮಾತು ಎತ್ತಲಿಲ್ಲ. "ಅದನ್ನ ಇದ್ದಲ್ಲೇ ಇಡಿ. ಯಾರೂ ಎತ್ತಬೇಡಿ, ಸುಮ್ನೆ ಕೂಡ ಟ್ರಿಗರ್ ಎಳೀಬೇಡಿ. ಮಕ್ಕಳನ್ನ ಆ ಕೋಣೆಗೆ ಬಿಡಬೇಡಿ" ಅಂದೆ. ನಮ್ಮ ಅಜ್ಜನ ಹತ್ತಿರ ಲೈಸೆನ್ಸ್ ಇದ್ದ ಕೇಪಿನ ಕೋವಿ ಇತ್ತು. ಕೇಪು ಅಂದರೆ ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಬೆಂಕಿ ಹತ್ತಿಸುವ ಪುಟ್ಟ ಲೋಹದ ಟೊಪ್ಪಿ. ತೋಟಕ್ಕೆ ಬರುವ ಹಂದಿ, ಮಂಗನ ಕಾಟಕ್ಕೆ ಇಟ್ಟಿದ್ದು. ಮದ್ದು ಒಣಗಿಯೇ ಇದ್ದರೆ ಹತ್ತಾರು ವರ್ಷ ಕಳೆದರೂ ಅದಕ್ಕೆ ಜೀವ ಇರುತ್ತದೆ ಎಂದು ಅವರು ಹೇಳುತ್ತಿದ್ದರು. ಅದು ನಿಜ. ಕರಿ ಮದ್ದಿಗೆ ವಯಸ್ಸಾಗುವುದಿಲ್ಲ, ಒದ್ದೆಯಾದರೆ ಮಾತ್ರ ಕೆಡುತ್ತದೆ. ಹಳೇ ಕೋವಿ ಸಿಕ್ಕಾಗ ಅದು ತುಂಬಿದೆ ಎಂದೇ ತಿಳಿದು ನಡೆಯಬೇಕು.

ಹಳೇ ಮನೆಗಳ ಸಾಮಾನು, ಕಾಗದಪತ್ರ, ನಾಣ್ಯ ನೋಡಿ ಬರೆದಿಡುವ ಹವ್ಯಾಸ ನನಗೆ ಬಹಳ ವರ್ಷಗಳಿಂದ ಇದೆ. ಅದಕ್ಕೇ ನನ್ನನ್ನು ಕರೆದಿದ್ದರು. ಮರುದಿನ ಬೆಳಿಗ್ಗೆ ದೇವಿಮನೆ ಘಟ್ಟ ಇಳಿದು ಹೋದೆ.

ಮನೆಯವರು ನಂಬಿದ್ದ ಕಥೆ

ಹೋದ ಕೂಡಲೇ ಚಾ ಕೊಟ್ಟು ಕಥೆ ಹೇಳಿದರು. ಅವರ ಮುತ್ತಜ್ಜನ ಅಪ್ಪ ಕುಮಟಾ ಬಂದರಿನಲ್ಲಿ ಹತ್ತಿ ಕೊಳ್ಳುವ ಒಬ್ಬ ಇಂಗ್ಲಿಷ್ ಏಜೆಂಟನ ಹತ್ತಿರ ಲೆಕ್ಕ ಬರೆಯುತ್ತಿದ್ದರಂತೆ. ಆ ದೊರೆ ಊರು ಬಿಡುವಾಗ ಖುಷಿಯಿಂದ ಕೊಟ್ಟ ಉಡುಗೊರೆ ಇದು.

ಇಂಥ ಕಥೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿನ ದಕ್ಷಿಣದ ರಾಜ್ಯಗಳ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ಹೆಚ್ಚುಕಡಿಮೆ ನಿಂತೇಹೋಯಿತು. ಆಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಆ ಹತ್ತಿ ಘಟ್ಟ ಇಳಿದು ಕುಮಟಾಕ್ಕೆ ಬಂದು, ಇಲ್ಲಿಂದ ಸಮುದ್ರದ ದಾರಿಯಲ್ಲಿ ಮುಂಬೈಗೆ ಹೋಗುತ್ತಿತ್ತು. ಇಂಗ್ಲೆಂಡಿನ ಪೇಟೆಯಲ್ಲೂ ಆ ಹತ್ತಿಗೆ ‘ಕುಮಟಾ’ ಎಂದೇ ಹೆಸರು. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದೂ ಆ ದಿನಗಳಲ್ಲೇ. ಹಾಗಾಗಿ ಏಜೆಂಟ್ ಇದ್ದಿರಬಹುದು, ಅವನ ಹತ್ತಿರ ರಿವಾಲ್ವರ್ ಇದ್ದಿರಬಹುದು, ಮನೆಯ ಹಿರಿಯರು ಲೆಕ್ಕ ಬರೆದಿರಬಹುದು. ಎಲ್ಲವೂ ಆಗುವಂಥದ್ದೇ. ಆದರೆ ಆ ರಿವಾಲ್ವರ್ ಇದೇನಾ ಎನ್ನುವ ಪ್ರಶ್ನೆಗೆ ಕಥೆ ಉತ್ತರ ಹೇಳುವುದಿಲ್ಲ. ಕೈಯಲ್ಲಿರುವ ವಸ್ತುವೇ ಹೇಳಬೇಕು.

ಮೊದಲ ನೋಟ

ಜಗುಲಿಯಲ್ಲಿ ಕಂಬಳಿ ಹಾಸಿ, ನಳಿಗೆಯನ್ನು ಖಾಲಿ ಗೋಡೆಯ ಕಡೆಗೆ ತಿರುಗಿಸಿ ಇಟ್ಟೆವು. ಇದು ತೋಟೆ ಹಾಕುವ ರಿವಾಲ್ವರ್ ಅಲ್ಲ. ಕೇಪಿನ ಕೋವಿಯ ರೀತಿಯೇ ಇದರದ್ದು, ಆರು ಸಲ. ತಿರುಗುವ ಉರುಳೆಯಲ್ಲಿ ಆರು ಗೂಡು. ಪ್ರತಿ ಗೂಡಿಗೂ ಮುಂದಿನಿಂದ ಮದ್ದು, ಮೇಲೆ ಸೀಸದ ಗುಂಡು. ಗುಂಡನ್ನು ಒತ್ತಿ ಕೂರಿಸಲು ನಳಿಗೆಯ ಕೆಳಗೆ ಒಂದು ಸನ್ನೆಗೋಲು. ಪ್ರತಿ ಗೂಡಿನ ಹಿಂದೆ ಕೇಪು ಕೂರುವ ಸಣ್ಣ ತೊಟ್ಟು. ಆರು ತೊಟ್ಟುಗಳಲ್ಲೂ ಕೇಪು ಇರಲಿಲ್ಲ. ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಟ್ಟು ಗೂಡುಗಳ ಬಾಯಿ ನೋಡಿದೆ. ಆರೂ ಖಾಲಿ, ಎರಡರಲ್ಲಿ ಜೇಡ ಬಲೆ ಕಟ್ಟಿತ್ತು. ಆಮೇಲೆ ಧೈರ್ಯವಾಗಿ ಕೈ ಹಾಕಿದೆ.

ಭಾವನ ಮಗಳು ಫ್ರಿಜ್ ಮೇಲಿನ ಮ್ಯಾಗ್ನೆಟ್ ತಂದುಕೊಟ್ಟಳು. ಅಲಂಕಾರಕ್ಕೆ ಗೋಡೆಗೆ ಹಾಕುವ ನಕಲುಗಳೂ ಪೇಟೆಯಲ್ಲಿವೆ. ಅವು ಸಾಮಾನ್ಯವಾಗಿ ಸತುವಿನ ಮಿಶ್ರಲೋಹದ ಎರಕ. ಅವುಗಳಿಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ, ನಳಿಗೆಯೂ ಒಳಗೆ ಮುಚ್ಚಿರುತ್ತದೆ. ಇಲ್ಲಿ ನಳಿಗೆ ಮತ್ತು ಉರುಳೆಗೆ ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿಯಿತು. ನಡುವಿನ ಚೌಕಟ್ಟಿಗೆ ಹಿಡಿಯಲಿಲ್ಲ. ಅದು ಹಿತ್ತಾಳೆ, ಮೇಲೆಲ್ಲ ಹಸಿರು ಕಿಲುಬು. ನಳಿಗೆ ಆರಪಾರ ತೆರೆದಿತ್ತು, ಒಳಗೆ ತಿರುಚಿದ ಗೀರುಗಳೂ ಇದ್ದವು. ಅಂದರೆ ಇದು ಆಟಿಕೆ ಅಲ್ಲ. ಗುಂಡು ಹಾರಿಸಲೆಂದೇ ಮಾಡಿದ ಆಯುಧ. ಈ ಒಂದು ಸಂಗತಿ ಕೊನೆಗೆ ಎಲ್ಲದಕ್ಕಿಂತ ದೊಡ್ಡದಾಯಿತು.

ಆಕಾರ ನೋಡಿದರೆ ಇದು ಅಮೆರಿಕದ ಕೋಲ್ಟ್ ಬಂದೂಕು ಕಂಪನಿಯ 1851ರ ನೇವಿ ಮಾದರಿ. ಎಂಟು ಮೂಲೆಯ ನಳಿಗೆ, ಏಳೂವರೆ ಇಂಚು ಉದ್ದ. ಉರುಳೆಯ ಮೇಲೆ ಹಡಗುಗಳು ಕಾದಾಡುವ ಚಿತ್ರ.

1843 ಎಂಬ ಇಸವಿ

ಮನೆಯವರು ತೋರಿಸಿದ ಇಸವಿ ಆ ಚಿತ್ರದ ಕೆಳಗೇ ಇತ್ತು. ಇಂಗ್ಲಿಷಿನಲ್ಲಿ ‘ಎಂಗೇಜ್ಡ್ 16 ಮೇ 1843’. ಇಲ್ಲಿ ‘ಎಂಗೇಜ್ಡ್’ ಅಂದರೆ ಕಾಳಗಕ್ಕೆ ಇಳಿದ ದಿನ. ಅಂದು ಮೆಕ್ಸಿಕೋದ ಕಾಂಪೆಚೆ ಊರಿನ ಹತ್ತಿರ ಸಮುದ್ರದಲ್ಲಿ ಟೆಕ್ಸಾಸಿನ ಹಡಗುಗಳಿಗೂ ಮೆಕ್ಸಿಕೋದ ಹಡಗುಗಳಿಗೂ ಕಾಳಗ ನಡೆದಿತ್ತು. ಟೆಕ್ಸಾಸಿನ ನೌಕಾಪಡೆ ಸ್ಯಾಮ್ಯುವೆಲ್ ಕೋಲ್ಟ್‌ನ ರಿವಾಲ್ವರುಗಳನ್ನು ಕೊಂಡಿತ್ತು. ಅದರ ನೆನಪಿಗೆ ಕೋಲ್ಟ್ ಈ ಚಿತ್ರ ಕೊರೆಸಿದ. ಮಾದರಿಗೆ ‘ನೇವಿ’ ಎಂಬ ಹೆಸರು ಅಂಟಿಕೊಂಡದ್ದೂ ಅದರಿಂದಲೇ. ಹೆಸರಿನಲ್ಲಿ 1851 ಇದ್ದರೂ ಈ ಮಾದರಿ ಕಾರ್ಖಾನೆಯಿಂದ ಹೊರಗೆ ಬರತೊಡಗಿದ್ದು 1850ರಲ್ಲಿ. ಹಾಗಾಗಿ 1843 ಇದು ತಯಾರಾದ ವರ್ಷ ಆಗಲು ಸಾಧ್ಯವೇ ಇಲ್ಲ. ಅಸಲಿ ಮೇಲೂ ಅದೇ ಇಸವಿ, ನಕಲು ಮಾಡಿದವರ ಉರುಳೆಯ ಮೇಲೂ ಅದೇ ಇಸವಿ.

ಇದನ್ನು ಹೇಳಿದಾಗ ಜಗುಲಿ ಸ್ವಲ್ಪ ಹೊತ್ತು ಮೌನವಾಯಿತು. ದೊಡ್ಡ ಭಾವ ಮಾತ್ರ ಬಿಡಲಿಲ್ಲ. "ಆದ್ರೂ ನೋಡು, ಎಷ್ಟು ತುಕ್ಕು ಹಿಡಿದದೆ. ಹೊಸದಾದ್ರೆ ಹೀಗಿರ್ತದಾ?" ಅಂದರು.

ಕರಾವಳಿಯವರಿಗೆ ಇದಕ್ಕೆ ಉತ್ತರ ಗೊತ್ತೇ ಇರುತ್ತದೆ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಗಾಳಿಯಾಡದ ಮೆತ್ತು. ಇಲ್ಲಿ ಹೊಸ ಕಿಟಕಿಯ ಸರಳೇ ಎರಡು ಮಳೆಗಾಲಕ್ಕೆ ಕೆಂಪಾಗುತ್ತದೆ. ಒಣ ಹವೆಯ ಊರಲ್ಲಿ ನೂರು ವರ್ಷ ಬೇಕಾಗುವ ತುಕ್ಕು ನಮ್ಮಲ್ಲಿ ಹತ್ತಿಪ್ಪತ್ತು ವರ್ಷದಲ್ಲೇ ಬರುತ್ತದೆ. ತುಕ್ಕು ನೋಡಿ ವಯಸ್ಸು ಹೇಳುವುದು ಕುಮಟಾದಲ್ಲಂತೂ ಆಗದ ಕೆಲಸ.

ಹಿತ್ತಾಳೆಯ ಪ್ರಶ್ನೆ

ನನಗೆ ಮೊದಲು ಅನುಮಾನ ಬಂದದ್ದು ಹಿತ್ತಾಳೆಯಿಂದ. ಅಸಲಿ ಕೋಲ್ಟ್ ನೇವಿಯಲ್ಲೂ ಹಿತ್ತಾಳೆ ಇರುತ್ತದೆ, ಆದರೆ ಸಾಮಾನ್ಯವಾಗಿ ಟ್ರಿಗರ್ ಸುತ್ತಲಿನ ಬಳೆಯಲ್ಲಿ ಮತ್ತು ಹಿಡಿಯ ಬೆನ್ನಿನ ಪಟ್ಟಿಯಲ್ಲಿ. ಅದಕ್ಕೆ ಬೆಳ್ಳಿ ನೀರು ಬಿಟ್ಟಿರುತ್ತಾರೆ. ಉರುಳೆಯನ್ನು ಹೊತ್ತಿರುವ ನಡುವಿನ ಚೌಕಟ್ಟು ಮಾತ್ರ ಕಬ್ಬಿಣದ್ದು. ಇಲ್ಲಿ ಆ ಚೌಕಟ್ಟೇ ಹಿತ್ತಾಳೆ.

ಬೆಂಗಳೂರಿನಲ್ಲಿ ಕೆಲಸ ಮಾಡುವ ದೊಡ್ಡ ಭಾವನ ಮಗ ಇಲ್ಲೊಂದು ಜಾಣ ಮಾತು ತಂದ. ಅಮೆರಿಕದ ದಕ್ಷಿಣದವರಿಗೆ ಯುದ್ಧಕಾಲದಲ್ಲಿ ಕಬ್ಬಿಣ, ಉಕ್ಕು ಸಾಕಾಗುತ್ತಿರಲಿಲ್ಲ. ಜಾರ್ಜಿಯಾದಲ್ಲಿ ಗ್ರಿಸ್ವೋಲ್ಡ್ ಮತ್ತು ಗನಿಸನ್ ಎಂಬ ಕಾರ್ಖಾನೆ 1862ರಿಂದ 1864ರವರೆಗೆ ಕೋಲ್ಟ್ ನೇವಿಯನ್ನೇ ನೋಡಿ ಹಿತ್ತಾಳೆ ಚೌಕಟ್ಟಿನ ರಿವಾಲ್ವರ್ ಮಾಡಿತ್ತು. "ಅದೇ ಇದಾಗಿರಬಾರದೇಕೆ ಮಾವ? ಹತ್ತಿಯ ಕಥೆಗೂ ಕೂಡ್ತದಲ್ವಾ?" ಎಂದು ಕೇಳಿದ.

ಒಳ್ಳೆಯ ಪ್ರಶ್ನೆ. ಆ ಕಾರ್ಖಾನೆಯ ರಿವಾಲ್ವರುಗಳು ಇಂದು ಸಿಕ್ಕುವುದೇ ಅಪರೂಪ, ಸಿಕ್ಕರೆ ಅಸಲಿ ಕೋಲ್ಟಿಗಿಂತ ಜಾಸ್ತಿ ಬೆಲೆ. ಅದಕ್ಕೇ ಇದನ್ನು ಆತುರವಿಲ್ಲದೆ ನೋಡಿದೆವು. ಗ್ರಿಸ್ವೋಲ್ಡಿನ ನಳಿಗೆ ಮುಂಭಾಗದಲ್ಲಿ ದುಂಡಗೆ. ನಮ್ಮದು ತುದಿಯವರೆಗೂ ಎಂಟು ಮೂಲೆ. ಅವರ ಉರುಳೆ ಬೋಳು, ಚಿತ್ರ ಕೊರೆಯುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ನಮ್ಮದರ ಮೇಲೆ ಇಡೀ ನೌಕಾಯುದ್ಧ ಇದೆ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ನಳಿಗೆಯ ಬಾಯಿ. ಪೇಟೆಯಲ್ಲಿ ಪರಿಚಯದ ಅಕ್ಕಸಾಲಿಗರಿಂದ ವರ್ನಿಯರ್ ಕ್ಯಾಲಿಪರ್ ತಂದು ಅಳೆದೆ. 11 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಬಂತು. ಎರಡು ಸಲ, ಮೂರು ಸಲ ಅಳೆದೆ. ಅಂದರೆ ಇದು ಪಾಯಿಂಟ್ 44 ಕ್ಯಾಲಿಬರ್ (ನಳಿಗೆಯ ಬಾಯಿಯ ಅಳತೆ, ಇಂಚಿನ ಲೆಕ್ಕದಲ್ಲಿ). ಅಸಲಿ 1851 ನೇವಿ ಪಾಯಿಂಟ್ 36, ಅದರ ಬಾಯಿ 9 ಮಿಲಿಮೀಟರಿನ ಮೇಲೆ ಸ್ವಲ್ಪ ಅಷ್ಟೇ. ಗ್ರಿಸ್ವೋಲ್ಡ್ ಕೂಡ ಪಾಯಿಂಟ್ 36. ಹಿತ್ತಾಳೆ ಚೌಕಟ್ಟು, ಎಂಟು ಮೂಲೆಯ ನಳಿಗೆ, ಪಾಯಿಂಟ್ 44 ಬಾಯಿ, ಈ ಮೂರೂ ಒಟ್ಟಿಗೆ ಇರುವ ನೇವಿಯನ್ನು 19ನೇ ಶತಮಾನದಲ್ಲಿ ಆ ಎರಡೂ ಕಾರ್ಖಾನೆಗಳು ಮಾಡಲಿಲ್ಲ. ಆ ಜೋಡಣೆ 20ನೇ ಶತಮಾನದ ಇಟಲಿಯ ನಕಲುಗಳದ್ದು. ಕೊಳ್ಳುವವರು ದೊಡ್ಡ ಗುಂಡು ಕೇಳಿದರು, ಮಾಡುವವರು ಮಾಡಿಕೊಟ್ಟರು.

ಇಂಥ ರಿವಾಲ್ವರ್ ನೋಡಲು ಸಿಕ್ಕವರಿಗೆ ನಾನು ಹೇಳುವುದು ಇದನ್ನೇ. ಚಿತ್ರ, ಇಸವಿ, ಹೆಸರು ಎಲ್ಲವನ್ನೂ ನಕಲು ಮಾಡಬಹುದು, ಮಾಡಿಯೂ ಇರುತ್ತಾರೆ. ನಕಲು ಮಾಡಿದವರೇ ಬದಲಾಯಿಸಿದ್ದು ಏನು ಎಂದು ಹುಡುಕಬೇಕು.

ಸನ್ನೆಗೋಲಿನ ಕೆಳಗೆ

ಇಷ್ಟಾದರೂ ಮನೆಯವರಿಗೆ ಕಣ್ಣಿಗೆ ಕಾಣುವ ಸಾಕ್ಷಿ ಬೇಕಿತ್ತು. ಸನ್ನೆಗೋಲನ್ನು ಕೆಳಗಿಳಿಸಿದರೆ ನಳಿಗೆಯ ಹೊಟ್ಟೆ ಕಾಣುತ್ತದೆ. ಅಲ್ಲಿ ಎಣ್ಣೆಜಿಡ್ಡು ಕಪ್ಪಾಗಿ ಕೂತಿತ್ತು. ಹಳೇ ಟೂತ್‌ಬ್ರಶ್ಶಿಗೆ ಒಂದು ಹನಿ ಸೀಮೆಎಣ್ಣೆ ಹಾಕಿ ಮೆಲ್ಲಗೆ ಉಜ್ಜಿದೆ. ಉಪ್ಪುಕಾಗದ, ತಂತಿಬ್ರಶ್ ಇಂಥ ಜಾಗಕ್ಕೆ ತಾಗಿಸಲೇಬಾರದು. ತುಕ್ಕಿನ ಜೊತೆ ಅಕ್ಷರವೂ ಹೋಗುತ್ತದೆ.

ಜಿಡ್ಡು ಬಿಟ್ಟ ಮೇಲೆ ಒಂದು ಸಣ್ಣ ನಕ್ಷತ್ರ ಕಂಡಿತು. ಅದರ ಕೆಳಗೆ ಪಿ.ಎನ್. ಎಂಬ ಎರಡಕ್ಷರ. ಪಕ್ಕದಲ್ಲಿ ಒಂದು ಚೌಕದೊಳಗೆ ಎ.ಡಿ. ಭಾವನ ಮಗಳು ಭೂತಗನ್ನಡಿ ಹಿಡಿದು ಓದಿದಳು, ನಾನು ಬರೆದುಕೊಂಡೆ.

ಇಟಲಿಯ ಬ್ರೆಶಿಯಾ ಜಿಲ್ಲೆಯಲ್ಲಿ ಗಾರ್ದೋನೆ ವಾಲ್ ತ್ರೊಂಪಿಯಾ ಎಂಬ ಊರಿದೆ. ಕೋವಿ ಕೆಲಸಕ್ಕೆ ನೂರಾರು ವರ್ಷಗಳಿಂದ ಹೆಸರಾದ ಕಣಿವೆ ಅದು. 1950ರ ದಶಕದ ಕೊನೆಯಲ್ಲಿ ಅಮೆರಿಕದವರು ತಮ್ಮ ಅಂತರ್ಯುದ್ಧದ ನೂರನೇ ವರ್ಷದ ನೆನಪಿಗೆ ಸಿದ್ಧರಾಗುತ್ತಿದ್ದರು. ಆ ಕಾಲದ ರಿವಾಲ್ವರುಗಳಿಗೆ ಬೇಡಿಕೆ ಬಂತು. ಆಗ ಈ ಕಣಿವೆಯ ಕುಶಲಕರ್ಮಿಗಳು ನಕಲು ಮಾಡತೊಡಗಿದರು. ಉಬೆರ್ತಿ, ಪಿಯೆತ್ತಾ ಎಂಬ ಇಂದಿನ ದೊಡ್ಡ ಹೆಸರುಗಳು ಬೆಳೆದದ್ದು ಹಾಗೆ. ಅಲ್ಲಿ ತಯಾರಾದ ಪ್ರತಿ ಆಯುಧವನ್ನೂ ಸರ್ಕಾರಿ ಪರೀಕ್ಷಾಮನೆಯಲ್ಲಿ ಹಾರಿಸಿ ನೋಡಿ ಗುರುತು ಒತ್ತಬೇಕು. ಪಿ.ಎನ್. ಅಂದರೆ ‘ಪೊಲ್ವೆರೆ ನೇರಾ’, ಕರಿ ಮದ್ದು. ಚೌಕದೊಳಗಿನದು ಪರೀಕ್ಷೆಯಾದ ವರ್ಷದ ಸಂಕೇತ. 1974ರವರೆಗೆ ರೋಮನ್ ಅಂಕಿ ಒತ್ತುತ್ತಿದ್ದರು. 1975ಕ್ಕೆ ಎ.ಎ. ಎಂದು ಅಕ್ಷರ ಶುರು ಮಾಡಿದರು. 1976 ಎ.ಬಿ., 1977 ಎ.ಸಿ., 1978 ಎ.ಡಿ.

1978. ಅಂದರೆ ದೊಡ್ಡ ಭಾವ ಹೈಸ್ಕೂಲಿನಲ್ಲಿದ್ದ ವರ್ಷ.

ತಯಾರಕರ ಹೆಸರು ಇರಬೇಕಾದ ಜಾಗ ತುಕ್ಕು ತಿಂದಿತ್ತು. ಹಾಗಾಗಿ ಇಂಥ ಕಾರ್ಖಾನೆಯದು ಎಂದು ನಾನು ಬರೆಯಲಿಲ್ಲ. ಕೋಲ್ಟ್ ಕಂಪನಿಯ ವಿಳಾಸ ನಳಿಗೆಯ ಮೇಲೆ ಇರಲಿಲ್ಲ. ಅಸಲಿಯಲ್ಲಿ ನ್ಯೂಯಾರ್ಕಿನದೋ ಹಾರ್ಟ್‌ಫರ್ಡಿನದೋ ಲಂಡನ್ನಿನದೋ ವಿಳಾಸ ಇರುತ್ತದೆ. ಲಂಡನ್ ಕಾರ್ಖಾನೆಯದಾದರೆ ಬ್ರಿಟಿಷ್ ಪರೀಕ್ಷೆಯ ಗುರುತೂ ಇರುತ್ತದೆ. ಅಸಲಿಯ ಮುಖ್ಯ ಭಾಗಗಳ ಮೇಲೆಲ್ಲ ಒಂದೇ ಕ್ರಮಸಂಖ್ಯೆ ಒತ್ತಿರುತ್ತಾರೆ, ಇಲ್ಲಿ ಚೌಕಟ್ಟಿನ ಮೇಲೆ ಮಾತ್ರ ಇತ್ತು.

ಚಿಕ್ಕಪ್ಪನ ಕಾಗದ

ಇಸವಿ ಕೇಳಿದ ಕೂಡಲೇ ಒಳಗಿಂದ ಅತ್ತೆ ಬಂದರು. ಅಲ್ಲಿವರೆಗೆ ಅವರು ಒಂದು ಮಾತೂ ಆಡಿರಲಿಲ್ಲ. "ಆ ಟ್ರಂಕು ಹಡಗಿನವರದ್ದಲ್ವಾ?" ಅಂದರು.

ಹಡಗಿನವರು ಅಂದರೆ ಭಾವನ ಚಿಕ್ಕಪ್ಪ. ಸರಕು ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿದ್ದರು. ಮದುವೆ ಆಗಿರಲಿಲ್ಲ, ತೀರಿಕೊಂಡು ಬಹಳ ವರ್ಷ ಆಯಿತು. ಟ್ರಂಕಿನ ತಳದಲ್ಲಿ ಹಾಸಿದ್ದ ಕಾಗದ ಎತ್ತಿದರೆ ಅವರ ಸಿ.ಡಿ.ಸಿ., ಅಂದರೆ ನಾವಿಕರ ಸೇವೆಯ ದಾಖಲೆ ಪುಸ್ತಕ ಸಿಕ್ಕಿತು. ಹಡಗು ಹತ್ತಿದ, ಇಳಿದ ದಿನಗಳೆಲ್ಲ ಅದರಲ್ಲಿ ನಮೂದಾಗಿರುತ್ತವೆ. 1979ರಲ್ಲಿ ಹತ್ತು ತಿಂಗಳು ಅವರು ಸಮುದ್ರದ ಮೇಲಿದ್ದರು. ಜೊತೆಗೆ ನೀಲಿ ಏರೋಗ್ರಾಮುಗಳ ಒಂದು ಕಟ್ಟು. ಅದರಲ್ಲಿ ಹ್ಯೂಸ್ಟನ್ನಿನಿಂದ ಅಣ್ಣನಿಗೆ ಬರೆದ ಒಂದು ಕಾಗದ ಇತ್ತು. ಇಲ್ಲಿ ಅಂಗಡಿಯಲ್ಲಿ ನೂರು ವರ್ಷದ ಹಿಂದಿನ ಪಿಸ್ತೂಲಿನ ಹಾಗೇ ಮಾಡಿದ ಹೊಸ ಪಿಸ್ತೂಲು ಮಾರುತ್ತಾರೆ, ನಮ್ಮ ಅಪ್ಪಯ್ಯನ ಕೇಪಿನ ಕೋವಿಯ ನೆನಪಾಯಿತು, ಒಂದು ತಗೊಂಡಿದ್ದೇನೆ ಎಂದು ಬರೆದಿದ್ದರು.

ಭಾವ ಅದನ್ನು ಗಟ್ಟಿಯಾಗಿ ಓದಿದರು. ಅತ್ತೆ ಕಣ್ಣೊರೆಸಿಕೊಂಡರು. ಹತ್ತಿ ಏಜೆಂಟನ ಕಥೆ ಎಲ್ಲಿಂದ ಬಂತು ಎಂದು ಆಮೇಲೆ ಯಾರೂ ಕೇಳಲಿಲ್ಲ. ಮನೆಯಲ್ಲಿ ಹತ್ತಿಯ ಲೆಕ್ಕದ ನೆನಪೂ ಇತ್ತು, ಪಿಸ್ತೂಲಿನ ನೆನಪೂ ಇತ್ತು. ಎರಡೂ ಸೇರಿಕೊಂಡಿರಬೇಕು ಎಂದು ನನ್ನ ಅಂದಾಜು.

ಬೆಲೆ

ಈಗ ಹಣದ ಮಾತು. 15 ಲಕ್ಷ ಎಂಬುದು ಫೋನಿನಲ್ಲಿ ನೋಡಿದ ಒಂದು ಹರಾಜಿನ ಚಿತ್ರದಿಂದ ಬಂದಿತ್ತು. ಆ ಚಿತ್ರದಲ್ಲಿದ್ದದ್ದು ಪೆಟ್ಟಿಗೆ, ಮದ್ದಿನ ಬುರುಡೆ, ಗುಂಡಿನ ಅಚ್ಚು ಸಮೇತ ಇದ್ದ ಅಸಲಿ ಕೋಲ್ಟ್. ಅದಕ್ಕೂ ಇದಕ್ಕೂ ಆಕಾರ ಮಾತ್ರ ಒಂದೇ.

ಹಿತ್ತಾಳೆ ಚೌಕಟ್ಟಿನ ಇಟಲಿ ನಕಲು ಅಮೆರಿಕದಲ್ಲಿ ಹೊಸದಕ್ಕೇ ಸುಮಾರು 200ರಿಂದ 300 ಡಾಲರ್. ನಕಲುಗಳಲ್ಲೇ ಇದು ಅಗ್ಗದ ಜಾತಿ. ಹಿತ್ತಾಳೆ ಮೆದು, ಜಾಸ್ತಿ ಹಾರಿಸಿದರೆ ಚೌಕಟ್ಟು ಹಿಗ್ಗಿ ಉರುಳೆ ಅಲುಗಾಡತೊಡಗುತ್ತದೆ. ಉರುಳೆಯ ಹಿಂದಿನ ಹಿತ್ತಾಳೆ ಗೋಡೆಯ ಮೇಲೆ ದುಂಡಗೆ ಒತ್ತಿದ ಗುರುತೂ ಬೀಳುತ್ತದೆ. ಇಲ್ಲಿ ಆ ಗುರುತು ಇರಲಿಲ್ಲ, ಉರುಳೆಯೂ ಬಿಗಿಯಾಗಿತ್ತು. ಚಿಕ್ಕಪ್ಪ ಇದನ್ನು ಹಾರಿಸಿಯೇ ಇರಲಿಕ್ಕಿಲ್ಲ. ಅದೊಂದು ಒಳ್ಳೆಯ ಅಂಶ. ಆದರೆ ನಳಿಗೆಯ ಒಳಗೂ ಹೊರಗೂ ತುಕ್ಕಿನ ಗುಳಿ, ಪೆಟ್ಟಿಗೆ ಇಲ್ಲ, ರಸೀದಿ ಇಲ್ಲ. ಅಲ್ಲೇ ಮಾರಿದ್ದರೂ ಹೊಸದರ ಅರ್ಧ ಬೆಲೆಯೂ ಕಷ್ಟ.

ಆ ಡಾಲರ್ ಲೆಕ್ಕವೂ ಕುಮಟಾದಲ್ಲಿ ಕೆಲಸಕ್ಕೆ ಬರುವುದಿಲ್ಲ. ಇದನ್ನು ಎಲ್ಲರಿಗೂ ಬಿಡಿಸಿ ಹೇಳಬೇಕಾಯಿತು. ಅಮೆರಿಕದ 1968ರ ಕಾನೂನು 1898ರವರೆಗಿನ ಬಂದೂಕುಗಳನ್ನೂ, ತೋಟೆ ಹಾಕದ ಅವುಗಳ ನಕಲುಗಳನ್ನೂ ಸಾಮಾನ್ಯ ಬಂದೂಕಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದಕ್ಕೇ ಅಲ್ಲಿ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಅದಕ್ಕೇ ಅದಕ್ಕೊಂದು ಪೇಟೆ ಬೆಲೆ ಇದೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ಹಾಗಿಲ್ಲ. ಸ್ಫೋಟಕದ ಬಲದಿಂದ ಗುಂಡು ಹಾರಿಸುವಂತೆ ಮಾಡಿದ ಯಾವ ಆಯುಧವೂ ಬಂದೂಕೇ. ಕರಿ ಮದ್ದಿನದ್ದಾದರೂ ಸರಿ, ನಕಲಾದರೂ ಸರಿ. ಕೇಪಿನ ಕೋವಿಗೆ ನಮ್ಮ ಅಜ್ಜ ಲೈಸೆನ್ಸ್ ಇಟ್ಟುಕೊಂಡಿದ್ದು ಇದಕ್ಕೇ.

"ಹಳೇ ಕಾಲದ್ದಕ್ಕೆ ವಿನಾಯಿತಿ ಇದೆಯಂತಲ್ಲ?" ಎಂದು ದೊಡ್ಡ ಭಾವ ಕೇಳಿದರು. ಇದೆ. 45ನೇ ಕಲಮಿನಲ್ಲಿ ಬಳಕೆ ತಪ್ಪಿದ ಮಾದರಿಯ, ಪುರಾತನ ಬೆಲೆಯ ಅಥವಾ ಹಾಳಾದ ಆಯುಧದ ಮಾತು ಬರುತ್ತದೆ. ಆದರೆ ಜೊತೆಗೇ ಒಂದು ಷರತ್ತು. ರಿಪೇರಿ ಮಾಡಿದರೂ, ಮಾಡದಿದ್ದರೂ ಅದನ್ನು ಬಂದೂಕಾಗಿ ಬಳಸಲು ಸಾಧ್ಯ ಇರಬಾರದು. ನಮ್ಮ ಕೈಯಲ್ಲಿದ್ದದ್ದು ಹಾಗಲ್ಲ. ತುಕ್ಕು ತೆಗೆದರೆ ಹಾರುವಂಥದ್ದು. 100 ವರ್ಷ ದಾಟಿದ ವಸ್ತುಗಳ 1972ರ ಪುರಾವಸ್ತು ಕಾಯ್ದೆಗೂ ಇದು ಸೇರುವುದಿಲ್ಲ, ವಯಸ್ಸು ಸಾಲದು. ತಂದದ್ದಕ್ಕೆ ಆಮದು ಕಾಗದ ಇಲ್ಲ, ಇಟ್ಟುಕೊಂಡದ್ದಕ್ಕೆ ಲೈಸೆನ್ಸ್ ಇಲ್ಲ. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದ ಬಂದೂಕಿಗೆ ಸಾಮಾನ್ಯವಾಗಿ 2 ವರ್ಷಕ್ಕೆ ಕಡಿಮೆಯಿಲ್ಲದ, 5 ವರ್ಷದವರೆಗಿನ ಜೈಲು.

ಹಾಗಾಗಿ ನಾನು ಬರೆದ ಟಿಪ್ಪಣಿಯಲ್ಲಿ ಬೆಲೆಯ ಜಾಗದಲ್ಲಿ ಸೊನ್ನೆ ಹಾಕಿದೆ. ಕಾನೂನಿನ ಪ್ರಕಾರ ಮಾರಲು ಬಾರದ ವಸ್ತುವಿಗೆ ಪಾಲುಪಟ್ಟಿಯಲ್ಲಿ ರೂಪಾಯಿ ಬರೆದರೆ, ಆ ಪಾಲು ತೆಗೆದುಕೊಂಡವರಿಗೆ ಮೋಸ ಮಾಡಿದ ಹಾಗೆ. ಗುಟ್ಟಾಗಿ ಕೊಳ್ಳುವವರು ಸಿಕ್ಕಾರು ಎಂದು ಯಾರೋ ನೆಂಟರು ಮೆಲ್ಲಗೆ ಅಂದರು. ಆ ಮಾತನ್ನು ಅಲ್ಲೇ ನಿಲ್ಲಿಸಿದೆ. ಅಂಥ ಕೈಗೆ ಹೋದ ರಿವಾಲ್ವರ್ ಆಮೇಲೆ ಯಾರ ಎದೆಯ ಮುಂದೆ ನಿಲ್ಲುತ್ತದೆ ಎಂದು ನಮಗೆ ಗೊತ್ತಾಗುವುದೇ ಇಲ್ಲ.

ಕೊಟ್ಟು ಬಂದದ್ದು

ಅಂದೇ ಮಧ್ಯಾಹ್ನ ಪರಿಚಯದ ವಕೀಲರಿಗೆ ಫೋನ್ ಮಾಡಿದೆವು. ಅವರು ಎರಡು ಮಾತು ಹೇಳಿದರು. ನೀವಾಗಿಯೇ ರಿವಾಲ್ವರನ್ನು ಚೀಲದಲ್ಲಿ ಹಾಕಿಕೊಂಡು ಪೇಟೆ ಸುತ್ತಬೇಡಿ, ಮೊದಲು ಠಾಣೆಗೆ ತಿಳಿಸಿ. ಎಲ್ಲಿ, ಯಾವಾಗ, ಯಾರ ಎದುರು ಸಿಕ್ಕಿತು ಎಂದು ಬರವಣಿಗೆಯಲ್ಲಿ ಕೊಡಿ. ಭಾವ ಹಾಗೇ ಮಾಡಿದರು. ಪೊಲೀಸರು ಮನೆಗೆ ಬಂದು ಪಂಚನಾಮೆ ಮಾಡಿ, ರಿವಾಲ್ವರ್ ತೆಗೆದುಕೊಂಡು ರಸೀದಿ ಕೊಟ್ಟರು. ಭಾವನ ಅರ್ಜಿಯ ಜೊತೆಗೆ ನನ್ನ ಟಿಪ್ಪಣಿ, ಗುರುತುಗಳ ಫೋಟೋ, ಸಿ.ಡಿ.ಸಿ. ಪುಸ್ತಕದ ಮತ್ತು ಆ ಏರೋಗ್ರಾಮಿನ ಜೆರಾಕ್ಸ್ ಇಟ್ಟಿದ್ದೆವು. ತಂದವರು ತೀರಿಕೊಂಡಿದ್ದಾರೆ, ಮನೆಯವರಿಗೆ ಇದರ ಅರಿವಿರಲಿಲ್ಲ ಎನ್ನುವುದಕ್ಕೆ ಆ ಕಾಗದಗಳೇ ಆಧಾರವಾದವು. ಮುಂದೆ ಭಾವ ಒಂದೆರಡು ಸಲ ಹೇಳಿಕೆ ಕೊಡಲು ಹೋಗಬೇಕಾಯಿತು. ಆ ವಸ್ತುವಿನ ಮೇಲೆ ನಮ್ಮ ಹಕ್ಕು ಕೇಳುವುದಿಲ್ಲ ಎಂದು ಅಣ್ಣ ತಮ್ಮ ಇಬ್ಬರೂ ಸಹಿ ಹಾಕಿದರು.

ಪಾಲುಪಟ್ಟಿಯಲ್ಲಿ ‘ಹಳೇ ಪಿಸ್ತೂಲು 1’ ಎಂಬ ಸಾಲನ್ನು ದೊಡ್ಡ ಭಾವ ತಾವೇ ಗೀಟು ಎಳೆದು ಹೊಡೆದರು. ಕೆಳಗೆ ಇನ್ನೊಂದು ಸಾಲು ಸೇರಿಸಿದರು: ತಗಡಿನ ಟ್ರಂಕು 1, ಚಿಕ್ಕಪ್ಪನ ಕಾಗದಗಳ ಸಮೇತ. ಅದು ತನಗೆ ಬೇಕೆಂದು ಇಬ್ಬರೂ ಕೇಳಿದರು. ಕಡೆಗೆ ಅತ್ತೆಯ ಕೋಣೆಯಲ್ಲೇ ಇರಲಿ ಎಂದು ತೀರ್ಮಾನವಾಯಿತು.